ನಾಲ್ಕನೆಯ ಮಂಚದ ಬಿಸಿ

ಈ ಕೆಲಸ ಬಿಟ್ಟು ಮೂರು ತಿಂಗಳಾಯಿತು. ನಿವೃತ್ತಿ ಎಂಬ ಮಾತು ನನ್ನ ವಯಸ್ಸಿಗೆ ಒಪ್ಪುವುದಿಲ್ಲ. ಆದರೆ ಎಂಟು ವರ್ಷದ ಕೊನೆಗೆ ಹಾರ ಹಾಕಿ, ಸಮೋಸ ಕೊಟ್ಟು, ಗುರುತಿನ ಚೀಟಿ ವಾಪಸು ತೆಗೆದುಕೊಂಡ ಮೇಲೆ ಅದಕ್ಕೆ ಬೇರೆ ಹೆಸರೂ ಇಲ್ಲ. ಬಿಟ್ಟ ಕಾರಣ ನನ್ನದು, ಅದನ್ನು ಇಲ್ಲಿ ಬರೆಯುವುದಿಲ್ಲ.

ಹೊಸದಾಗಿ ಸೇರಿದವರಿಗಾಗಿ ಅನುಭವಗಳನ್ನು ಬರೆದುಕೊಡು ಎಂದು ಕಚೇರಿಯವರು ಕೇಳಿದ್ದರು. ಹಿಂದಿಯಲ್ಲಿ ಹನ್ನೆರಡು ಪುಟ ಬರೆದುಕೊಟ್ಟಿದ್ದೇನೆ. ಒಂದು ಸಂಗತಿಯನ್ನು ಮಾತ್ರ ಹಿಂದಿಯಲ್ಲಿ ಬರೆಯಲು ಆಗಲಿಲ್ಲ. ಆ ತಪ್ಪು ನಡೆದದ್ದು ಕನ್ನಡದಲ್ಲಿ, ಹಾಗಾಗಿ ಅದನ್ನು ಕನ್ನಡದಲ್ಲೇ ಬರೆಯಬೇಕು.

ನಮ್ಮದು ಬನಾರಸಿನ ಒಂದು ಚಿಕ್ಕ ಸಂಸ್ಥೆ, ಆರು ಜನ. ಮನೆಮನೆಗೆ ಹೋಗಿ ವಿದ್ಯುತ್ತು, ಗ್ಯಾಸು, ಸೌದೆ ಎಲ್ಲಿ ವ್ಯರ್ಥವಾಗುತ್ತಿದೆ ಎಂದು ನೋಡುವುದು, ಬಿಲ್ಲು ಇಳಿಯುವ ದಾರಿ ಹೇಳುವುದು, ಮೂರು ತಿಂಗಳ ಮೇಲೆ ಮತ್ತೆ ಹೋಗಿ ಇಳಿಯಿತೇ ಎಂದು ನೋಡುವುದು. ಫ್ರಿಜ್ಜಿನ ಬಾಗಿಲಲ್ಲಿ ಕಾಗದ ಸಿಕ್ಕಿಸಿ ಎಳೆಯುತ್ತೇವೆ. ಸರಾಗವಾಗಿ ಬಂದರೆ ರಬ್ಬರು ಸತ್ತಿದೆ ಎಂದು ಅರ್ಥ. ಕಿಟಕಿಯ ಸಂದಿಯಲ್ಲಿ ಅಗರಬತ್ತಿ ಹಿಡಿಯುತ್ತೇವೆ. ಹೊಗೆ ಬಾಗಿದರೆ ಗಾಳಿ ನುಗ್ಗುತ್ತಿದೆ. ಇವುಗಳ ಜೊತೆಗೆ ಬಿಸಿಯನ್ನು ಬಣ್ಣವಾಗಿ ತೋರಿಸುವ ಒಂದು ಕ್ಯಾಮೆರಾ ಇದೆ. ತಣ್ಣಗಿರುವುದು ನೀಲಿ, ಬೆಚ್ಚಗಿರುವುದು ಕಿತ್ತಳೆ. ನಾನು ಎಂ.ಎಸ್‌ಸಿ. ಓದಿದ್ದು ಭೌತಶಾಸ್ತ್ರ. ಆ ಕ್ಯಾಮೆರಾದ ಮೇಲೆ ನನಗೆ ವಿಪರೀತ ನಂಬಿಕೆಯಿತ್ತು.

ನಮ್ಮ ಮೇಲಧಿಕಾರಿ ತಿವಾರೀಜಿಗೆ ಆ ನಂಬಿಕೆ ಇರಲಿಲ್ಲ. ಮೂವತ್ತು ವರ್ಷ ವಿದ್ಯುತ್ತಿನ ಕೆಲಸ ಮಾಡಿ ಬಂದವರು, ಬಾಯಿ ತುಂಬ ಪಾನು. "ಪಹಲೇ ಹಾಥ್, ಫಿರ್ ಮಶೀನ್, ಬಿಟಿಯಾ" ಎನ್ನುತ್ತಿದ್ದರು. ಮೊದಲು ಅಂಗೈ, ಆಮೇಲೆ ಯಂತ್ರ, ಮಗಳೇ ಎಂದು. ಯಾವ ಮನೆಗೆ ಹೋದರೂ ಅವರು ಮೊದಲು ಗೋಡೆಗಳನ್ನು ಮುಟ್ಟುತ್ತಾ ಒಂದು ಸುತ್ತು ಹಾಕುತ್ತಿದ್ದರು, ಹಸುವಿನ ಮೈ ಸವರಿದ ಹಾಗೆ.

ನಾನು ಸೇರಿದ ವರ್ಷ ಗಂಗೆಯ ಆಚೆ ದಡದ ರಾಮನಗರದ ಒಂದು ಮನೆಗೆ ಹೋಗಿದ್ದೆವು. ನಿವೃತ್ತ ಗುಮಾಸ್ತರೊಬ್ಬರು ಒಂಟಿಯಾಗಿದ್ದರು. ಎಲ್ಲ ಸ್ವಿಚ್ಚು ಆರಿಸಿದರೂ ಮೀಟರು ಓಡುತ್ತದೆ ಎಂಬುದು ಅವರ ದೂರು. ನಾವೇ ಆರಿಸಿ ನೋಡಿದೆವು. ಮೀಟರಿನ ಕೆಂಪು ಚುಕ್ಕೆ ಮಿನುಗುತ್ತಲೇ ಇತ್ತು. ಅವರು ದನಿ ತಗ್ಗಿಸಿ, "ಕೋಯಿ ಹೈ ಘರ್ ಮೇ" ಎಂದರು, ಮನೆಯಲ್ಲಿ ಯಾರೋ ಇದ್ದಾರೆ ಎಂದು. ತೀರಿಕೊಂಡ ತಾಯಿಗೆ ಕತ್ತಲೆಂದರೆ ಭಯವಿತ್ತಂತೆ.

ತಿವಾರೀಜಿ ಗೋಡೆ ಸವರುತ್ತಾ ಹೋದವರು ಹಿಂದಿನ ಕೋಣೆಯಲ್ಲಿ ನಿಂತರು. "ಯಹಾಂ" ಎಂದರು, ಇಲ್ಲಿ ಎಂದು. ನಾನೂ ಅಂಗೈ ಇಟ್ಟೆ. ಗೋಡೆ ಬೆಚ್ಚಗಿತ್ತು, ಜ್ವರ ಬಂದವರ ಬೆನ್ನಿನ ಹಾಗೆ. ಅಣ್ಣತಮ್ಮಂದಿರು ಪಾಲಾದಾಗ ಎಬ್ಬಿಸಿದ ಗೋಡೆಯದು. ಎರಡು ಇಟ್ಟಿಗೆ ತೆಗೆಸಿ ಟಾರ್ಚು ಬಿಟ್ಟರೆ, ಆಚೆ ಬೀಗ ಬಿದ್ದ ಬಚ್ಚಲುಮನೆ. ಗೋಡೆಯ ಮೇಲೆ ಗೀಸರು, ಅದರ ಕೆಂಪು ದೀಪ ಉರಿಯುತ್ತಿತ್ತು. ಗುಮಾಸ್ತರ ತಮ್ಮನು ಊರು ಬಿಟ್ಟು ಹೋಗಿ ವರ್ಷಗಳಾಗಿದ್ದವು. ತಂತಿ ಮಾತ್ರ ಅಣ್ಣನ ಮೀಟರಿನಲ್ಲೇ ಉಳಿದಿತ್ತು. ಅಷ್ಟೂ ದಿನ ಅದು ಯಾರೂ ಸ್ನಾನ ಮಾಡದ ನೀರನ್ನು ಬಿಸಿಯಾಗಿಟ್ಟು ಕಾಯುತ್ತಿತ್ತು.

ಮೂರು ತಿಂಗಳ ಮೇಲೆ ಹೋದಾಗ ಬಿಲ್ಲು ಇಳಿದಿತ್ತು. ಗುಮಾಸ್ತರು ಚಹಾ ಕೊಟ್ಟರು, ಆದರೆ ಮುಖದಲ್ಲಿ ಸಂತೋಷವಿರಲಿಲ್ಲ. ಮನೆ ಈಗ ಖಾಲಿ ಅನ್ನಿಸುತ್ತದೆ ಎಂದರು. ಆಗ ಅದನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ.

ಇನ್ನು ಬಂಗಾಲಿ ಟೋಲಾ ಎಂಬ ಕೇರಿಯ ವಿಷಯ.

ಕೇದಾರ ಘಾಟಿನ ಹಿಂದಿನ ಓಣಿಯಲ್ಲಿ ಒಂದು ಹಳೆಯ ಯಾತ್ರಿನಿವಾಸವಿದೆ. ಅದರ ನೆಲಮಹಡಿಯ ಒಂದು ಕೋಣೆಯಲ್ಲಿ ಕರ್ನಾಟಕದ ಮೂವರು ವಿಧವೆಯರಿದ್ದರು. ಕಡೂರಿನ ಕಡೆಯ ಪುಟ್ಟಲಕ್ಷ್ಮಮ್ಮ ಎಲ್ಲರಿಗಿಂತ ಹಿರಿಯರು, ಕೋಣೆಯ ಯಜಮಾನಿಕೆ ಅವರದು. ಜಯಕ್ಕ ಬಾಯಿಬಡುಕಿ. ಕಮಲಮ್ಮನಿಗೆ ಕಿವಿ ಮಂದ, ಮಾತು ಕಡಿಮೆ. ಕೋಣೆಯಲ್ಲಿ ಮಂಚಗಳು ಮಾತ್ರ ನಾಲ್ಕು. ನಾಲ್ಕನೆಯದು ಸುಬ್ಬಕ್ಕ ಎಂಬವರದು. ಆಕೆ ನಾನು ಹೋಗುವ ಮುಂಚಿನ ಬೇಸಿಗೆಯಲ್ಲೇ ತೀರಿಕೊಂಡಿದ್ದರು. ಹಾಸಿಗೆಯನ್ನು ಸುತ್ತಿಡದೆ ಹಾಗೇ ಬಿಟ್ಟಿದ್ದರು.

ಕನ್ನಡ ಬರುತ್ತದೆಂದು ಆ ಕೋಣೆಯನ್ನು ನನಗೆ ಒಪ್ಪಿಸಿದರು. ನನ್ನ ಕನ್ನಡದ ಬಗ್ಗೆ ಒಂದು ಮಾತು ಹೇಳಬೇಕು. ಅಪ್ಪ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರು. ನಾನು ಹುಟ್ಟಿ ಬೆಳೆದದ್ದು ಕ್ವಾರ್ಟರ್ಸಿನಲ್ಲಿ. ಕನ್ನಡ ಓದುವುದು ಬರೆಯುವುದು ಅಪ್ಪ ಕಲಿಸಿದರು, ಮಾತು ಅಮ್ಮನಿಂದ ಬಂತು. ಅಡುಗೆಮನೆಯಲ್ಲಿ ಇಲ್ಲದ ವಸ್ತುವಿಗೆ ನನ್ನಲ್ಲಿ ಕನ್ನಡ ಪದವೂ ಇರಲಿಲ್ಲ.

ಮೊದಲ ಸಲ ಹೋದದ್ದು ಅಕ್ಟೋಬರಿನಲ್ಲಿ. ಮೂವರೂ ಹತ್ತಿ ಹಿಂಜಿ ಹೂಬತ್ತಿ ಹೊಸೆಯುತ್ತಿದ್ದರು. ಗೂಡಿನಲ್ಲಿ ಎಣ್ಣೆಯ ದೀಪ ಉರಿಯುತ್ತಿತ್ತು. ನಾನು ಅಳತೆ ಮುಗಿಸಿ ಏಳುವಾಗ ಪುಟ್ಟಲಕ್ಷ್ಮಮ್ಮ, "ಮಗಾ, ಆ ದೀಪ ಒಂಚೂರು ದೊಡ್ಡದು ಮಾಡು" ಎಂದರು.

ನಾನು ಬತ್ತಿಯನ್ನು ಮುಂದಕ್ಕೆಳೆದೆ. ಜ್ವಾಲೆ ಏರಿತು.

"ಅಯ್ಯೋ, ದೊಡ್ಡದು ಮಾಡೇ ಅಂದ್ರೆ!"

ಇನ್ನೂ ಎಳೆದು ಎಣ್ಣೆಯನ್ನೂ ಹುಯ್ದೆ. ಗೂಡಿನ ಮೇಲ್ಭಾಗ ಮಸಿ ಹಿಡಿಯಿತು. ಜಯಕ್ಕ ಹತ್ತಿ ಬಿಸಾಕಿ ನಕ್ಕರು. "ಮೇಷ್ಟ್ರ ಮಗಳು ಮನೇಗೇ ಬೆಂಕಿ ಇಡ್ತಾಳೆ ಕಣಕ್ಕಾ ಇವತ್ತು!"

ಪುಟ್ಟಲಕ್ಷ್ಮಮ್ಮ ಎದ್ದು ಬಂದು ಬೆರಳಿನಿಂದ ಬತ್ತಿಯನ್ನು ಎಣ್ಣೆಯೊಳಗೆ ಅದ್ದಿದರು. ದೀಪ ನಂದಿತು. "ಇದು ಕಣವ್ವಾ ದೊಡ್ಡದು ಮಾಡೋದು ಅಂದ್ರೆ. ದೀಪ ಆರಿಸು ಅಂತ ಬಾಯಲ್ಲಿ ಅನ್ನಬಾರ್ದು. ನಿಮ್ಮಮ್ಮ ಹೇಳಿಕೊಡಲಿಲ್ವಾ?"

ನಮ್ಮ ಮನೆಯಲ್ಲಿ ದೀಪ ಎಣ್ಣೆ ಮುಗಿದು ತಾನೇ ನಂದುತ್ತಿತ್ತು. ಆ ಮಾತಿನ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ನನಗೆ ನಾಚಿಕೆಯಾಯಿತು. ಆ ಪದವನ್ನು ಬರೆದುಕೊಂಡು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ಅಗತ್ಯಕ್ಕಿಂತ ಹೆಚ್ಚು ಗಟ್ಟಿ ಮಾಡಿಕೊಂಡೆನೆಂದು ಈಗ ಗೊತ್ತಾಗುತ್ತದೆ.

ಅವರ ತೊಂದರೆ ಚಳಿಗಾಲದ್ದು. ಕಾಯಿಲ್ ಹೀಟರು ಹಚ್ಚಿ ಹಿಂದಿನ ವರ್ಷ ಬಿಲ್ಲು ಎಷ್ಟು ಏರಿತ್ತೆಂದರೆ, ಮಾಲೀಕರು ಕೋಣೆ ಬಿಡಿ ಎಂದು ಹೇಳಿದ್ದರು. ಕಾಶಿಯಲ್ಲೇ ಪ್ರಾಣ ಬಿಡಬೇಕೆಂದು ಎಲ್ಲ ತೊರೆದು ಬಂದವರಿಗೆ ಆ ಕೋಣೆ ಹೋದರೆ ಬೇರೆ ನೆಲೆಯಿಲ್ಲ. ಅಗರಬತ್ತಿ ಹಿಡಿದು ನೋಡಿದೆ. ಬಾಗಿಲು, ಕಿಟಕಿ, ಸೂರಿನ ಕೆಳಗಿನ ಗವಾಕ್ಷಿ, ಎಲ್ಲ ಕಡೆಯೂ ಹೊಗೆ ಬಾಗಿತು. ಡಿಸೆಂಬರಿನ ಹೊತ್ತಿಗೆ ನಾನೇ ನಿಂತು ಕಿಟಕಿಯ ಅಂಚಿಗೆ ಉಣ್ಣೆಪಟ್ಟಿ ಅಂಟಿಸಿದೆ, ಗವಾಕ್ಷಿಗೆ ದಪ್ಪ ಪ್ಲಾಸ್ಟಿಕ್ಕು ಹೊಡೆಸಿದೆ, ಬಾಗಿಲಿನ ಅಡಿಗೆ ಹಳೆ ಬಟ್ಟೆಯ ಸುರುಳಿ ಇಟ್ಟೆ. ಮತ್ತೆ ಅಗರಬತ್ತಿ ಹಚ್ಚಿದಾಗ ಹೊಗೆ ಗೆರೆ ಎಳೆದ ಹಾಗೆ ನೆಟ್ಟಗೆ ಮೇಲೇರಿತು. ಅಷ್ಟು ನೆಟ್ಟಗಿನ ಹೊಗೆಯನ್ನು ನಾನು ಅಲ್ಲಿಯವರೆಗೆ ಯಾವ ಮನೆಯಲ್ಲೂ ನೋಡಿರಲಿಲ್ಲ. ಫೋಟೋ ತೆಗೆದುಕೊಂಡೆ.

ಹೀಟರಿನ ಬದಲು ಅವರು ಬೋರ್ಸಿ ಇಟ್ಟುಕೊಂಡಿದ್ದರು. ಈ ಕಡೆಯ ಮನೆಗಳಲ್ಲೆಲ್ಲ ಇರುವ ಮಣ್ಣಿನ ಅಗ್ಗಿಷ್ಟಿಕೆ ಅದು. ಬೆರಣಿಯ ಕೆಂಡ ತುಂಬಿ ಮಂಚದ ಬಳಿ ಇಡುತ್ತಾರೆ. ಮುಚ್ಚಿದ ಕೋಣೆಯಲ್ಲಿ ಅದು ಅಪಾಯವೆಂದು ನನಗೆ ಗೊತ್ತಿತ್ತು. ಕೆಂಡದಿಂದ ಬರುವ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದಕ್ಕೇ ಕೇಳಿದೆ:

"ಅಜ್ಜಿ, ಮಲಗೋ ಮುಂಚೆ ಬೋರ್ಸಿ ಏನು ಮಾಡ್ತೀರಿ?"

"ದೊಡ್ಡದು ಮಾಡಿ ಮಲಗ್ತೀವಿ ಮಗಾ."

ನನಗೆ ಒಳಗೊಳಗೇ ಹೆಮ್ಮೆಯಾಯಿತು. ಈ ಸಲ ಅರ್ಥವಾಗಿತ್ತು. ಆ ವರ್ಷವೇ ಕಾಗದದ ನಮೂನೆ ಹೋಗಿ ಮೊಬೈಲಿನ ನಮೂನೆ ಬಂದಿತ್ತು. ಕಾಗದದಲ್ಲಿ ಮನೆಯವರ ಮಾತನ್ನು ಅವರ ಮಾತಿನಲ್ಲೇ ಬರೆಯಲು ಜಾಗವಿರುತ್ತಿತ್ತು. ಮೊಬೈಲಿನಲ್ಲಿ "ಮಲಗುವ ಮುನ್ನ ಬೆಂಕಿ ಆರಿಸುತ್ತಾರೆಯೇ" ಎಂಬುದಕ್ಕೆ ಹೌದು, ಇಲ್ಲ, ಎರಡೇ. ನಾನು ಹೌದು ಒತ್ತಿದೆ.

ಜನವರಿಯಲ್ಲಿ ಜಯಕ್ಕನ ಫೋನು ಬಂತು. ಬಿಲ್ಲು ಇಳಿದಿದೆ, ಮಾಲೀಕರು ಸುಮ್ಮನಾಗಿದ್ದಾರೆ ಎಂದು ಹೇಳಿದ ಮೇಲೆ, ಮಾಮೂಲಿ ಸುದ್ದಿ ಹೇಳುವ ದನಿಯಲ್ಲೇ ಹೇಳಿದರು:

"ಸುಬ್ಬಕ್ಕ ಬರೋಕೆ ಶುರು ಮಾಡವ್ಳೆ ಕಣೇ."

"ಯಾರು?"

"ನಮ್ಮ ಸುಬ್ಬಕ್ಕ. ಬಾಗಿಲು ಹಾಕಿದ್ಮೇಲೆ ಬಂದು ಅವಳ ಮಂಚದ ಮೇಲೆ ಕೂತ್ಕೋತಾಳೆ. ನಮಗೆ ಬೆನ್ನು ಹಾಕ್ಕೊಂಡು ಹೂಬತ್ತಿ ಹೊಸೀತಾಳೆ. ನಾನು ಕಂಡೆ, ಅಕ್ಕನೂ ಕಂಡವ್ರೆ."

"ಮಾತಾಡ್ತಾರಾ?"

"ಬದುಕಿದ್ದಾಗಲೇ ಮಾತಿಗೆ ಉತ್ತರ ಕೊಟ್ಟೋಳಲ್ಲ. ಈಗ ಕೊಡ್ತಾಳಾ?"

ಫೋನಿಟ್ಟ ಮೇಲೂ ನಾನು ನಗುತ್ತಿದ್ದೆ. ವಯಸ್ಸಾದವರು, ಜೊತೆಯವಳನ್ನು ಕಳೆದುಕೊಂಡವರು ಎಂದುಕೊಂಡೆ. ಅದಾಗಿ ಎಂಟು ದಿನ ನಾನು ಸಾರನಾಥದ ಕಡೆಯ ಮನೆಗಳ ಕೆಲಸದಲ್ಲಿದ್ದೆ. ಆ ಎಂಟು ದಿನಗಳ ಲೆಕ್ಕ ಮಾತ್ರ ಯಾವ ನಮೂನೆಯಲ್ಲೂ ಇಲ್ಲ.

ಒಂಬತ್ತನೆಯ ದಿನ ಅಲ್ಲಿಗೆ ಹೋದಾಗ ಬೆಳಗಿನ ಹನ್ನೊಂದು ಗಂಟೆ. ಓಣಿಯಲ್ಲಿ ಮಂಜು, ಕೈ ಚಾಚಿದರೆ ಬೆರಳು ಮಸುಕಾಗುವಷ್ಟು. ಅಷ್ಟು ಹೊತ್ತಾದರೂ ಕೋಣೆಯ ಬಾಗಿಲು ಹಾಕಿತ್ತು. ಜಯಕ್ಕ ಬಂದು ತೆಗೆದು, ಗೋಡೆ ಹಿಡಿದುಕೊಂಡೇ ವಾಪಸು ಹೋಗಿ ಕೂತರು. ತಲೆ ಸಿಡಿಯುತ್ತದೆ ಎಂದರು. ಪುಟ್ಟಲಕ್ಷ್ಮಮ್ಮ ಗೋಡೆಗೆ ಒರಗಿದ್ದರು. ಕಮಲಮ್ಮ ಇನ್ನೂ ಮಲಗಿದ್ದರು. ಕೋಣೆ ಹಿತವಾಗಿ ಬೆಚ್ಚಗಿತ್ತು.

"ಮೆಲ್ಲಗೆ ಬಾ. ಅಲ್ಲೇ ಕೂತವ್ಳೆ" ಎಂದರು ಪುಟ್ಟಲಕ್ಷ್ಮಮ್ಮ, ನಾಲ್ಕನೆಯ ಮಂಚದ ಕಡೆ ಗಲ್ಲ ಎತ್ತಿ ತೋರಿಸಿ.

ಮಂಚ ಖಾಲಿಯಿತ್ತು. ಮಡಿಸಿದ ಕಂಬಳಿ, ತಲೆದಿಂಬು, ಅಷ್ಟೇ. ಗೋಡೆಗಳ ಬಿಸಿ ಅಳೆಯಲೆಂದು ನಾನು ಕ್ಯಾಮೆರಾ ತೆಗೆದು ಬಾಗಿಲಿನಿಂದ ಶುರು ಮಾಡಿದೆ. ಗೋಡೆ ನೀಲಿ, ಕಿಟಕಿ ನೀಲಿ. ಪುಟ್ಟಲಕ್ಷ್ಮಮ್ಮ ಕಿತ್ತಳೆ, ಜಯಕ್ಕ ಕಿತ್ತಳೆ, ಹೊದಿಕೆಯಿಂದ ಹೊರಗಿದ್ದ ಕಮಲಮ್ಮನ ಮುಖ ಕಿತ್ತಳೆ. ನಾಲ್ಕನೆಯ ಮಂಚದ ನಡುವೆಯೂ ಕಿತ್ತಳೆ ಇತ್ತು. ಒಬ್ಬರು ಕಾಲು ಮಡಿಸಿ ಕೂತಷ್ಟು ಅಗಲ, ಅಂಚಿನಲ್ಲಿ ಮಸುಕು, ನಡುವೆ ಪ್ರಖರ. ಕ್ಯಾಮೆರಾ ಇಳಿಸಿ ನೋಡಿದೆ, ಖಾಲಿ ಮಂಚ. ಎತ್ತಿ ನೋಡಿದೆ, ಅಲ್ಲಿ ಯಾರೋ ಇದ್ದರು.

"ನಿಂಗೂ ಕಂಡ್ಳಾ?" ಎಂದರು ಪುಟ್ಟಲಕ್ಷ್ಮಮ್ಮ.

ಕಂಡಳು ಎಂದೇ ಹೇಳುತ್ತಿದ್ದೆ. ನನ್ನ ಕಣ್ಣಿನ ಹಿಂದೆ ಆಗಲೇ ನೋವು ಶುರುವಾಗಿತ್ತು, ನಾಲಿಗೆ ದಪ್ಪವಾದ ಹಾಗಿತ್ತು. ಆ ಹೊತ್ತಿಗೆ ನೆನಪಾದದ್ದು ಓದಿದ ಯಾವ ಪಾಠವೂ ಅಲ್ಲ, ತಿವಾರೀಜಿಯ ಅಂಗೈ. ಹೋಗಿ ಮಂಚದ ಮೇಲೆ ಕೈಯಿಟ್ಟೆ. ಬಿಸಿ ಕೆಳಗಿನಿಂದ ಬರುತ್ತಿತ್ತು.

ಬಗ್ಗಿ ನೋಡಿದರೆ ಮಂಚದ ಕೆಳಗೆ ಬೋರ್ಸಿ. ಕಡ್ಡಿಯಿಂದ ಮೇಲಿನ ಬೂದಿ ಸರಿಸಿದೆ. ಅಡಿಯಲ್ಲಿ ಕೆಂಡ ನಿಗಿನಿಗಿ ಅನ್ನುತ್ತಿತ್ತು, ಕಂಠದವರೆಗೆ ತುಂಬಿತ್ತು.

"ಇದು ರಾತ್ರಿಯಿಂದ ಹೀಗೇ ಇದೆಯಾ? ದೊಡ್ಡದು ಮಾಡಿ ಮಲಗ್ತೀವಿ ಅಂದಿದ್ರಲ್ಲ ಅಜ್ಜಿ!"

"ದೊಡ್ಡದು ಮಾಡೇ ಮಲಗಿದ್ದು. ನಾಕು ಬೆರಣಿ ಜಾಸ್ತಿ ಹಾಕಿ, ಮೇಲೆ ಬೂದಿ ಮುಚ್ಚಿ. ಅವಳೂ ನಮ್ಮ ಜೊತೇಲಿ ಇದ್ದೋಳಲ್ವಾ? ಅವಳಿಗೂ ಬೆಚ್ಚಗಿರಲಿ ಅಂತ ಅಲ್ಲಿಟ್ವಿ."

ಅಡಗಿದ ಅರ್ಥ ಇದ್ದದ್ದು ದೀಪಕ್ಕೆ ಮಾತ್ರ. ಬೋರ್ಸಿ ದೇವರ ಮುಂದಿನ ದೀಪವಲ್ಲ, ಅದಕ್ಕೆ ಯಾರೂ ಮರ್ಯಾದೆಯ ಮಾತು ಆಡುವುದಿಲ್ಲ. ಅವರು ಹೇಳಿದ್ದು ಇದ್ದದ್ದು ಇದ್ದ ಹಾಗೆ. ಅದನ್ನು ತಿರುಗಿಸಿ ಕೇಳಿಸಿಕೊಂಡವಳು ನಾನು. ಆ ಕೋಣೆಯ ಉಸಿರು ಕಟ್ಟಿಸಿದವಳೂ ನಾನೇ.

ಆಮೇಲಿನದು ತುಂಡುತುಂಡಾಗಿ ನೆನಪಿದೆ. ಕಿಟಕಿಯ ಪಟ್ಟಿಯನ್ನು ಉಗುರಿನಿಂದಲೇ ಕಿತ್ತೆ. ಕಬ್ಬಿಣದ ಸೌಟಿನಿಂದ ಗವಾಕ್ಷಿಯ ಪ್ಲಾಸ್ಟಿಕ್ಕು ಹರಿದೆ. ಬೋರ್ಸಿಯನ್ನು ಅಂಗಳಕ್ಕೆ ಒಯ್ದು ನೀರು ಸುರಿದೆ. ಪುಟ್ಟಲಕ್ಷ್ಮಮ್ಮ, ಜಯಕ್ಕ ಇಬ್ಬರನ್ನೂ ಜಗಲಿಯಲ್ಲಿ ಕೂರಿಸಿದೆ. ಕಮಲಮ್ಮ ಎಷ್ಟು ಅಲುಗಿಸಿದರೂ ಕಣ್ಣು ಬಿಡಲಿಲ್ಲ. ಕಂಬಳಿ ಸಮೇತ ಅವರನ್ನು ಎಳೆದುಕೊಂಡು ಬಂದೆ. ಓಣಿಯ ಹಾಲಿನವನು ಹೆಗಲು ಕೊಟ್ಟ. ಇ-ರಿಕ್ಷಾದಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. ಮಂಜಿನಲ್ಲಿ ದಾರಿ ಕಾಣದೆ ಚಾಲಕ ಹಾರನ್ನು ಬಾರಿಸುತ್ತಲೇ ಹೋದ. ಅವರ ಮೂಗಿನ ಕೆಳಗೆ ಬೆರಳಿಟ್ಟು ನಾನು ಒಂದೊಂದೇ ಉಸಿರು ಎಣಿಸಿದೆ.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಸಂಜೆ ನಾಲ್ಕರ ಹೊತ್ತಿಗೆ ಕಮಲಮ್ಮ ಕಣ್ಣು ಬಿಟ್ಟು, "ಹಾಲು ಉಕ್ಕೋಯ್ತಾ?" ಎಂದರು.

ತಿವಾರೀಜಿ ಬಂದವರು ನನ್ನನ್ನು ಬೈಯಲಿಲ್ಲ. ಪಾನು ಉಗುಳಿ ಬಂದು ಪಕ್ಕದಲ್ಲಿ ಕೂತು, "ಮಕಾನ್ ಭೀ ಸಾಂಸ್ ಲೇತಾ ಹೈ, ಬಿಟಿಯಾ" ಎಂದರು, ಮನೆಯೂ ಉಸಿರಾಡುತ್ತದೆ ಎಂದು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಎರಡು ದಿನ ಬಿಟ್ಟು ಕೋಣೆಗೆ ಹೋದೆ. ಪುಟ್ಟಲಕ್ಷ್ಮಮ್ಮ ಹತ್ತಿ ಹಿಂಜುತ್ತಿದ್ದರು. ತಲೆ ಎತ್ತದೆ ಕೇಳಿದರು:

"ನಾವು ಕಾಶಿಗೆ ಯಾಕೆ ಬಂದಿದೀವಿ ಅಂತ ನಿಂಗೆ ಗೊತ್ತಲ್ಲ?"

"ಗೊತ್ತು ಅಜ್ಜಿ."

"ಸುಬ್ಬಕ್ಕ ಕರೆಯೋಕೆ ಬಂದಿದ್ಳು. ಬೆಚ್ಚಗೆ, ನೋವಿಲ್ದೆ ಹೋಗ್ತಿದ್ವಿ. ನೀನು ಕಿಟಕಿ ತೆಗೆದೆ, ಅವಳು ಬರೋದು ನಿಂತೇ ಹೋಯ್ತು. ಅಷ್ಟು ಯಾಕೆ ಗಾಬರಿ ಬಿದ್ದೆ?"

ವಿಷಾನಿಲ, ಮೆದುಳು, ಇಲ್ಲದ್ದು ಕಾಣುವುದು, ಎಲ್ಲ ವಿವರಿಸಬಹುದಿತ್ತು. ಆಡಿದ್ದು ಒಂದೇ ಮಾತು. "ನನ್ನ ಕೈಯಿಂದ ಬೇಡ ಅಜ್ಜಿ."

ಅವರು ಬಹಳ ಹೊತ್ತು ನನ್ನ ಕೈಗಳನ್ನೇ ನೋಡಿದರು. ಉಗುರುಗಳ ಸುತ್ತ ಇನ್ನೂ ಗಾಯವಿತ್ತು. "ಅದೂ ಸರಿ" ಎಂದು ಹತ್ತಿಗೆ ವಾಪಸಾದರು.

ಹೊಸಬರಿಗೆ ನಾನು ಹೇಳುವುದು ಇಷ್ಟೇ. ಗಾಳಿಯ ದಾರಿ ಮುಚ್ಚುವ ಮೊದಲು ಬೆಂಕಿ ಎಲ್ಲಿದೆ ಎಂದು ನೋಡಿ. ಕೋಣೆಯನ್ನು ಬೆಚ್ಚಗಿಡಲು ಹೋಗದೆ ಮೈಯನ್ನು ಬೆಚ್ಚಗಿಡಿ: ರಜಾಯಿ, ಬಿಸಿನೀರಿನ ರಬ್ಬರು ಚೀಲ, ಕಾಲುಚೀಲ. ಆ ಕೋಣೆಯ ಬಿಲ್ಲು ಕೊನೆಗೆ ಇಳಿದದ್ದೂ ಮತ್ತೆ ಏರದೆ ಉಳಿದದ್ದೂ ಇವುಗಳಿಂದಲೇ. ಮನೆಯವರು ಏನು ಮಾಡುತ್ತೇವೆಂದು ಹೇಳಿದರೂ, "ಮಾಡಿ ತೋರಿಸಿ" ಎನ್ನಿ. ಅವರ ಭಾಷೆ ನಿಮಗೆ ಗೊತ್ತಿದ್ದರೆ ಎರಡು ಸಲ ತೋರಿಸಿಕೊಳ್ಳಿ.

ಕಚೇರಿ ಬಿಡುವ ವಾರ, ಮಂಜಿನ ಒಂದು ಮಧ್ಯಾಹ್ನ, ಕೊನೆಯ ಸಲ ಅಲ್ಲಿಗೆ ಹೋದೆ. ಮೇಲೆ ಒಂದು, ಕೆಳಗೆ ಒಂದು ಇಟ್ಟಿಗೆ ತೆಗೆಸಿ ಗಾಳಿಗೆ ದಾರಿ ಮಾಡಿದ್ದೆವು. ವಿಷಾನಿಲ ಬಂದರೆ ಕೂಗುವ ಪೆಟ್ಟಿಗೆ ಗೋಡೆಯಲ್ಲಿತ್ತು. ಬೋರ್ಸಿ ಜಗಲಿಯಲ್ಲಿತ್ತು. ಕಮಲಮ್ಮ ಬಿಸಿನೀರಿನ ಚೀಲ ತಬ್ಬಿಕೊಂಡು ಕೂತಿದ್ದರು. ಬೇರೆ ಜಾಗವಿಲ್ಲದೆ ನಾನು ಮೊದಲ ಬಾರಿಗೆ ನಾಲ್ಕನೆಯ ಮಂಚದ ಮೇಲೆ ಕೂತು ಕೊನೆಯ ನಮೂನೆ ತುಂಬಿದೆ. ಆಮೇಲೆ ಎದ್ದು, ಬಾಗಿಲ ಹತ್ತಿರ ನಿಂತು, ಕ್ಯಾಮೆರಾವನ್ನು ಕೋಣೆಯ ಸುತ್ತ ಆಡಿಸಿದೆ.

ಮೂವರು ಮೂರು ಕಿತ್ತಳೆ. ನಾಲ್ಕನೆಯ ಮಂಚದ ಮೇಲೆ ಒಬ್ಬರು ಕೂತಿದ್ದರು.

ಹೋಗಿ ಬಗ್ಗಿ ನೋಡಿದೆ, ಕೆಳಗೆ ಬರಿಯ ನೆಲ. ಕಂಬಳಿಯ ಮೇಲೆ ಅಂಗೈ ಇಟ್ಟೆ, ಬೆಚ್ಚಗಿತ್ತು. ಆಗ ಅರ್ಥವಾಯಿತು.

ಪುಟ್ಟಲಕ್ಷ್ಮಮ್ಮ ನನ್ನ ಭುಜದ ಹಿಂದೆ ಬಂದು ನಿಂತಿದ್ದರು. "ಯಾರದು? ಸುಬ್ಬಕ್ಕನಾ?"

"ನಾನು ಅಜ್ಜಿ. ಈಗ ಎದ್ದೆನಲ್ಲ, ಆ ಬಿಸಿ."

ಅವರು ಪರದೆಯನ್ನೂ ಮಂಚವನ್ನೂ ನನ್ನನ್ನೂ ಸರದಿಯಾಗಿ ನೋಡಿದರು. "ಎದ್ದು ಬಂದ್ಮೇಲೂ ಕೂತಿದೀಯಲ್ಲೇ."

"ಸುಬ್ಬಕ್ಕನ ಜಾಗ ಹಿಡ್ಕೊಂಡ್ಳು ನೋಡು" ಎಂದರು ಜಯಕ್ಕ.

ಹೊರಡಬೇಕಿತ್ತು, ಹೊರಡಲಿಲ್ಲ. ನಾವಿಬ್ಬರೂ ನಿಂತು ನೋಡುತ್ತಿದ್ದೆವು. ಕಿತ್ತಳೆ ಅಂಚಿನಿಂದ ಕರಗುತ್ತಾ ಬಂತು. ಮೊದಲು ತೊಡೆಗಳ ಜಾಗ ಹೋಯಿತು. ಕೊನೆಗೆ ಉಳಿದದ್ದು ದೀಪದ ಕುಡಿಯಷ್ಟು ಒಂದು ಚುಕ್ಕೆ. ಅದೂ ಮಂಚದ ನೀಲಿಯೊಳಗೆ ಹೋಯಿತು.

"ಆರಿ..." ಎಂದು ಬಾಯಿ ತೆರೆದೆ. ಪುಟ್ಟಲಕ್ಷ್ಮಮ್ಮ ನನ್ನ ಮಣಿಕಟ್ಟನ್ನು ಒತ್ತಿ ಹಿಡಿದರು.

"ಹಾಗನ್ನಬಾರ್ದು. ದೊಡ್ಡದಾಯ್ತು ಅನ್ನು."

ದೊಡ್ಡದಾಯಿತು ಎಂದೆ.